ಎಂಟು ಒಂದುಗಳ ಹಾರ

ಒಂದು ಕೋಟಿ ಹನ್ನೊಂದು ಲಕ್ಷದ ಹನ್ನೊಂದು ಸಾವಿರದ ನೂರ ಹನ್ನೊಂದು. ಬಾಯಲ್ಲಿ ಹೇಳಿದರೆ ಬಹಳ ಉದ್ದ. ಬರೆದರೆ ಎಂಟು ಒಂದುಗಳ ಒಂದೇ ಸಾಲು: ೧,೧೧,೧೧,೧೧೧. ಸಂಬಳ, ಸಾಲ, ಬಡ್ಡಿ ಎಂದು ನಿತ್ಯವೂ ಲೆಕ್ಕ ಹಾಕುವ ನಾವು ಈ ಸಂಖ್ಯೆಯನ್ನು ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು. ಏಕೆಂದರೆ ಅದರ ಒಂದು ಮಣಿ ನಮ್ಮ ಬಡ್ಡಿಯ ಲೆಕ್ಕದಲ್ಲಿಯೇ ಅಡಗಿದೆ.

ಕ್ರಿ. ಶ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರಲ್ಲಿನ ಗುಣಾಕಾರದ ಲೆಕ್ಕಗಳಲ್ಲೊಂದು ೧,೫೨,೨೦೭ನ್ನು ೭೩ರಿಂದ ಗುಣಿಸುವುದು. ಬರುವ ಉತ್ತರವೇ ಈ ಎಂಟು ಒಂದುಗಳು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಇಂಥ ಗುಣಲಬ್ಧಗಳನ್ನು ಆಚಾರ್ಯನು ಕೊರಳ ಹಾರಕ್ಕೆ ಹೋಲಿಸಿದ್ದಾನೆ.

ಹಾರದ ಮಣಿಗಳನ್ನು ಬಿಡಿಸೋಣ. ೧,೧೧೧ನ್ನು ೧೦,೦೦೧ರಿಂದ ಗುಣಿಸಿದರೆ ನಾಲ್ಕು ಒಂದುಗಳ ಪಕ್ಕದಲ್ಲಿ ಇನ್ನೂ ನಾಲ್ಕು ಒಂದುಗಳು ಬಂದು ನಿಲ್ಲುತ್ತವೆ. ೧,೧೧೧ ಎಂದರೆ ೧೧ × ೧೦೧. ೧೦,೦೦೧ ಎಂದರೆ ೭೩ × ೧೩೭. ಈ ನಾಲ್ಕೂ ಅವಿಭಾಜ್ಯ ಸಂಖ್ಯೆಗಳು. ೭೩ನ್ನು ಬಿಟ್ಟು ಉಳಿದ ಮೂರನ್ನು ಗುಣಿಸಿದರೆ ೧,೫೨,೨೦೭. ಲೆಕ್ಕದ ಗುಟ್ಟು ಇಷ್ಟೇ.

ಈಗ ಬಡ್ಡಿಗೆ ಬರೋಣ. ವರ್ಷಕ್ಕೆ ೩೬೫ ದಿನ. ೩೬೫ ಎಂದರೆ ೫ × ೭೩. ವರ್ಷದ ಬಡ್ಡಿ ೧೦೦ ರೂಪಾಯಿ ಆದರೆ ಒಂದು ದಿನದ ಬಡ್ಡಿ ೦.೨೭೩೯೭೨೬೦೨೭೩೯೭೨೬೦… ರೂಪಾಯಿ. ಎಂಟು ಅಂಕಿಗಳು ಮತ್ತೆ ಮತ್ತೆ ಬರುತ್ತವೆ. ಇದು ಏಕೆ? ಎಂಟು ಒಂದುಗಳ ಒಂಬತ್ತರಷ್ಟು ಎಂದರೆ ಎಂಟು ಒಂಬತ್ತುಗಳು. ೭೩ ಅದನ್ನು ನಿಶ್ಶೇಷವಾಗಿ ಭಾಗಿಸುತ್ತದೆ. ಆದುದರಿಂದ ಎಂಟು ಸೊನ್ನೆಗಳನ್ನು ಇಳಿಸಿ ಭಾಗಿಸುವಷ್ಟರಲ್ಲಿ ಶೇಷವು ಮೊದಲಿನದೇ ಆಗಿ, ಅವೇ ಅಂಕಿಗಳು ಮರಳುತ್ತವೆ.

ಇದರಿಂದ ತಾಳೆ ನೋಡುವ ಉಪಾಯವೊಂದು ದೊರೆಯುತ್ತದೆ. ೭೩ ಎಂಬುದು ೧೦,೦೦೧ನ್ನೂ ಭಾಗಿಸುವುದರಿಂದ, ಆ ಎಂಟು ಅಂಕಿಗಳನ್ನು ನಾಲ್ಕು ನಾಲ್ಕಾಗಿ ಕೂಡಿಸಿದರೆ ೯,೯೯೯ ಬರಬೇಕು: ೨,೭೩೯ + ೭,೨೬೦. ವರ್ಷದ ಬಡ್ಡಿ ೨೫೦ ರೂಪಾಯಿಯಾದರೆ ದಿನಕ್ಕೆ ೦.೬೮೪೯೩೧೫೦೬…, ದಶಮಾಂಶದ ಎರಡನೆಯ ಸ್ಥಾನದಿಂದ ಎಣಿಸಿದರೆ ೮,೪೯೩ + ೧,೫೦೬, ಮತ್ತೆ ೯,೯೯೯. ಬಡ್ಡಿಯ ರೂಪಾಯಿಗಳು ೭೩ರಿಂದ ಪೂರ್ತಿ ಭಾಗವಾದರೆ ಮಾತ್ರ ಈ ಸರಣಿ ಇರದು. ಮೊತ್ತ ತಪ್ಪಿದರೆ ಭಾಗಾಕಾರ ತಪ್ಪಿದೆಯೆಂದು ತಿಳಿಯಬೇಕು.

ಸಾವಿರ ರೂಪಾಯಿ ಸಾಲಕ್ಕೆ “ದಿನಕ್ಕೆ ಒಂದೇ ರೂಪಾಯಿ” ಎಂದರೆ ಕೇಳಲು ಹಗುರ. ಆದರೆ ವರ್ಷಕ್ಕೆ ಅದು ನೂರಕ್ಕೆ ಮೂವತ್ತಾರೂವರೆ ಬಡ್ಡಿ. ರುಜು ಹಾಕುವ ಮೊದಲು ೩೬೫ರಿಂದ ಗುಣಿಸಿ ಭಾಗಿಸಿ ನೋಡುವ ಅಭ್ಯಾಸವಿದ್ದರೆ ಬೆವರಿನ ಹಣ ಉಳಿಯುತ್ತದೆ.

ಬಿಡುವಿನಲ್ಲಿ ಒಂದನ್ನು ೧೩೭ರಿಂದ ಭಾಗಿಸಿ ನೋಡಿರಿ. ಅದೂ ಇದೇ ಹಾರದ ಮಣಿ. ಎಂಟು ಅಂಕಿಗಳು ಅಲ್ಲಿಯೂ ಸುತ್ತಿ ಬರುತ್ತವೆ.