ಕಳ್ಳಾಟದ ಆಟಗಾರನಿಗೆ ಮತ್ತೊಂದು ಅವಕಾಶ ಉಂಟೇ?

ಗಣಕಯಂತ್ರದ ಪರದೆಯ ಮೇಲೆ ಆಡುವ ಆಟಗಳು ಬಹಳ ಕಾಲ ಮಕ್ಕಳ ಕಾಲಕ್ಷೇಪವೆಂದೇ ಎಣಿಸಲ್ಪಟ್ಟಿದ್ದವು. ಇಂದು ಇವೇ ಆಟಗಳನ್ನು ತರಬೇತಿ ಪಡೆದ ತಂಡಗಳು ಸಾವಿರಾರು ಪ್ರೇಕ್ಷಕರ ಎದುರು, ದೊಡ್ಡ ಬಹುಮಾನಗಳಿಗಾಗಿ ಆಡುತ್ತವೆ. ಈ ಸ್ಪರ್ಧೆಗಳಿಗೆ ಇ-ಸ್ಪೋರ್ಟ್ಸ್ ಎಂದು ಹೆಸರು. ಭಾರತ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಇದನ್ನು ಬಹುಕ್ರೀಡಾ ಕೂಟಗಳ ಒಂದು ಭಾಗವಾಗಿ ಮಾನ್ಯ ಮಾಡಿತು. 2023ರಲ್ಲಿ ಚೀನದ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇದಕ್ಕೆ ಪದಕಗಳನ್ನೂ ನೀಡಲಾಯಿತು.

ಕ್ರೀಡೆಯ ಗೌರವ ಬಂದಂತೆ ಕ್ರೀಡೆಯ ರೋಗಗಳೂ ಬಂದವು. ಅವುಗಳಲ್ಲಿ ದೊಡ್ಡದು ಮ್ಯಾಚ್ ಫಿಕ್ಸಿಂಗ್, ನಮ್ಮ ಪತ್ರಿಕೆಗಳ ಭಾಷೆಯಲ್ಲಿ ಕಳ್ಳಾಟ. ಹಣದ ಆಸೆಗೆ ಬೇಕೆಂದೇ ಸೋತು, ಸಿಕ್ಕಿಬಿದ್ದು, ನಿಷೇಧಕ್ಕೆ ಒಳಗಾದ ಆಟಗಾರನಿಗೆ ಮತ್ತೆ ಆಡಲು ಅವಕಾಶ ಕೊಡಬೇಕೇ? ಈ ಪ್ರಶ್ನೆಗೆ ‘ಹೌದು’ ಎನ್ನುವವರೂ ಇದ್ದಾರೆ, ‘ಎಂದಿಗೂ ಬೇಡ’ ಎನ್ನುವವರೂ ಇದ್ದಾರೆ. ಎರಡೂ ಕಡೆಯ ವಾದವನ್ನು ತೂಗಿ ನೋಡುವುದು ಈ ಲೇಖನದ ಉದ್ದೇಶ.

ಕಳ್ಳಾಟ ಎಂದರೇನು?

ಆಟದಲ್ಲಿ ನಡೆಯುವ ಮೋಸ ಎರಡು ಬಗೆಯದು. ಒಂದು, ಗೆಲ್ಲುವುದಕ್ಕಾಗಿ ಮಾಡುವ ಮೋಸ. ನಿಷಿದ್ಧ ತಂತ್ರಾಂಶ ಬಳಸಿ ಗುರಿಯನ್ನು ತಾನಾಗಿಯೇ ಹಿಡಿಯುವಂತೆ ಮಾಡುವುದು ಇದಕ್ಕೆ ಉದಾಹರಣೆ. 2018ರಲ್ಲಿ ಶಾಂಘೈಯಲ್ಲಿ ನಡೆದ ಪಂದ್ಯಾವಳಿಯೊಂದರಲ್ಲಿ ಭಾರತದ ಆಟಗಾರನೊಬ್ಬ ಹೀಗೆ ಸಿಕ್ಕಿಬಿದ್ದು ಐದು ವರ್ಷಗಳ ನಿಷೇಧಕ್ಕೆ ಗುರಿಯಾದ.

ಇನ್ನೊಂದು, ಸೋಲುವುದಕ್ಕಾಗಿ ಮಾಡುವ ಮೋಸ. ಪಂದ್ಯದ ಮೇಲೆ ಬಾಜಿ ಕಟ್ಟುವಾಗ ದುರ್ಬಲ ತಂಡದ ಮೇಲೆ ಕಟ್ಟಿದವರಿಗೆ ಹೆಚ್ಚು ಹಣ ಬರುತ್ತದೆ. ಬಲಿಷ್ಠ ತಂಡ ಸೋಲುವುದೆಂದು ಮೊದಲೇ ಗೊತ್ತಿದ್ದರೆ? ಒಂದಕ್ಕೆ ನಾಲ್ಕರಷ್ಟು ಬಾಚಿಕೊಳ್ಳಬಹುದು. ಇದೇ ಕಳ್ಳಾಟದ ಮರ್ಮ. ಇಲ್ಲಿ ವಂಚನೆಗೆ ಒಳಗಾಗುವವರು ಬಾಜಿ ಕಟ್ಟಿದವರಷ್ಟೇ ಅಲ್ಲ. ನಿಜವಾದ ಹೋರಾಟವೆಂದು ನಂಬಿ ಕುಳಿತ ಪ್ರೇಕ್ಷಕನೂ, ಗೆದ್ದೆನೆಂದು ಸಂತೋಷಪಟ್ಟ ಎದುರಾಳಿಯೂ ಮೋಸ ಹೋಗುತ್ತಾರೆ.

ಇ-ಸ್ಪೋರ್ಟ್ಸ್‌ಗೆ ಈ ರೋಗ ಬೇಗ ತಗಲುತ್ತದೆ. ಆಟಗಾರರು ಹದಿನಾರರಿಂದ ಇಪ್ಪತ್ತೈದರೊಳಗಿನ ಎಳೆಯರು. ಕೆಳಹಂತದ ಲೀಗ್‌ಗಳಲ್ಲಿ ಸಿಗುವ ಬಹುಮಾನ ಅತಿ ಕಡಿಮೆ. ಅನೇಕ ಪಂದ್ಯಗಳನ್ನು ಆಟಗಾರರು ತಮ್ಮ ತಮ್ಮ ಮನೆಗಳಿಂದಲೇ ಆಡುತ್ತಾರೆ. ಪಕ್ಕದಲ್ಲಿ ನಿಂತು ನೋಡುವ ಮೇಲ್ವಿಚಾರಕ ಇರುವುದಿಲ್ಲ.

2014ರ ಒಂದು ಪಂದ್ಯ

ಇದಕ್ಕೆ ಬಹಳ ಹೆಸರಾದ ನಿದರ್ಶನ ಅಮೆರಿಕದ್ದು. ಕೌಂಟರ್-ಸ್ಟ್ರೈಕ್ ಎಂಬ ಆಟದಲ್ಲಿ ಐಬೈಪವರ್ ಎಂಬ ತಂಡ ಉತ್ತರ ಅಮೆರಿಕದ ಅಗ್ರ ತಂಡಗಳಲ್ಲಿ ಒಂದಾಗಿತ್ತು. 2014ರ ಆಗಸ್ಟ್‌ನಲ್ಲಿ ಅದು ತನಗಿಂತ ಬಹಳ ದುರ್ಬಲವಾದ ನೆಟ್‌ಕೋಡ್‌ಗೈಡ್ಸ್ ಎಂಬ ತಂಡದ ಎದುರು 16-4 ಅಂತರದಿಂದ ಸೋತಿತು. ಆಟಗಾರರು ತಮಾಷೆಗೆ ಆಡಿದಂತೆ ಕಂಡಿತು, ಅನುಮಾನಗಳೂ ಹುಟ್ಟಿದವು. ಆದರೆ ಆಗ ಪುರಾವೆ ಸಿಗಲಿಲ್ಲ.

2015ರ ಜನವರಿಯಲ್ಲಿ ಪತ್ರಕರ್ತ ರಿಚರ್ಡ್ ಲೂಯಿಸ್ ಈ ಪಂದ್ಯ ಮೊದಲೇ ನಿಶ್ಚಯವಾಗಿತ್ತೆಂದು ತೋರಿಸುವ ಸಂದೇಶಗಳನ್ನು ಪ್ರಕಟಿಸಿದರು. ಇಲ್ಲಿ ಕೈ ಬದಲಾಯಿಸಿದ್ದು ನೋಟಿನ ಕಂತೆಗಳಲ್ಲ. ಆ ಆಟದಲ್ಲಿ ಬಂದೂಕುಗಳಿಗೆ ತೊಡಿಸುವ ಬಣ್ಣದ ಅಲಂಕಾರಗಳಿವೆ. ಅವನ್ನು ಸ್ಕಿನ್ ಎನ್ನುತ್ತಾರೆ. ಇವನ್ನು ಮಾರಬಹುದು, ಕೊಳ್ಳಬಹುದು, ಬಾಜಿಯಲ್ಲೂ ಒಡ್ಡಬಹುದಾಗಿತ್ತು. ಬಾಜಿ ಗೆದ್ದು ಬಂದ ಸ್ಕಿನ್‌ಗಳು ಆಟಗಾರರ ಖಾತೆಗಳಿಗೆ ಹೋದದ್ದು ದಾಖಲೆಗಳಲ್ಲಿ ಉಳಿದಿತ್ತು. ಆಟದ ಒಡೆತನ ಹೊಂದಿರುವ ವಾಲ್ವ್ ಕಂಪನಿ ಆ ಜಾಡು ಹಿಡಿದು ಏಳು ಜನರನ್ನು ನಿಷೇಧಿಸಿತು. ಅವರಲ್ಲಿ ನಾಲ್ವರು ಐಬೈಪವರ್ ತಂಡದ ಆಟಗಾರರು.

ತಂಡದ ಐದನೆಯ ಆಟಗಾರನಿಗೆ ನಿಷೇಧ ತಗಲಲಿಲ್ಲ. ಸ್ಕಡೂಡಲ್ ಎಂಬ ಅಡ್ಡಹೆಸರಿನ ಟೈಲರ್ ಲೇಥಮ್ ಆ ಪಾಲನ್ನು ಪಡೆದಿರಲಿಲ್ಲ. ಮೂರು ವರ್ಷಗಳ ನಂತರ, 2018ರ ಜನವರಿಯಲ್ಲಿ, ಕ್ಲೌಡ್‌9 ತಂಡದ ಸದಸ್ಯನಾಗಿ ಬಾಸ್ಟನ್ ನಗರದಲ್ಲಿ ಆ ಆಟದ ಅತ್ಯುನ್ನತ ಪ್ರಶಸ್ತಿಯನ್ನು ಆತ ಗೆದ್ದ. ಉಳಿದ ನಾಲ್ವರಿಗೆ ಅಂಥ ಪಂದ್ಯಾವಳಿಯ ಬಾಗಿಲೇ ಮುಚ್ಚಿತ್ತು. ಒಂದೇ ಮೇಜಿನ ಸುತ್ತ ಕುಳಿತು ಆಡಿದವರ ದಾರಿಗಳು ಹೀಗೆ ಬೇರೆಯಾದವು.

ಶಿಕ್ಷೆಗೆ ಕೊನೆ ಯಾವಾಗ?

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. 2015ರಲ್ಲಿ ಹೇರಿದ ನಿಷೇಧಕ್ಕೆ ಅವಧಿಯೇ ಇರಲಿಲ್ಲ. ಒಂದು ವರ್ಷ ಕಳೆದ ಮೇಲೆ, 2016ರ ಜನವರಿಯಲ್ಲಿ, ಅದು ಶಾಶ್ವತವೆಂದು ವಾಲ್ವ್ ಸ್ಪಷ್ಟಪಡಿಸಿತು. 2017ರಲ್ಲಿ ಇಎಸ್‌ಎಲ್ ಎಂಬ ದೊಡ್ಡ ಸಂಘಟಕ ಸಂಸ್ಥೆ ತನ್ನ ಪಂದ್ಯಾವಳಿಗಳ ಮಟ್ಟಿಗೆ ನಿಷೇಧವನ್ನು ತೆಗೆದುಹಾಕಿತು. ಆದರೆ ವಾಲ್ವ್ ಪ್ರಾಯೋಜಿಸುವ ಅತಿ ದೊಡ್ಡ ಪಂದ್ಯಾವಳಿಗಳಿಗೆ ಈ ವಿನಾಯಿತಿ ಅನ್ವಯಿಸಲಿಲ್ಲ. ಒಂದೇ ತಪ್ಪಿಗೆ ಒಂದು ಕಡೆ ಕ್ಷಮೆ, ಇನ್ನೊಂದು ಕಡೆ ಜೀವಾವಧಿ!

ಹೀಗಾಗಲು ಕಾರಣವಿದೆ. ಕ್ರಿಕೆಟ್ ಆಟಕ್ಕೆ ಒಡೆಯನಿಲ್ಲ. ಅದನ್ನು ನಡೆಸುವ ಮಂಡಳಿ ಇದೆ, ಮಂಡಳಿಯ ತೀರ್ಮಾನ ಸರಿಯಿಲ್ಲವೆಂದರೆ ನ್ಯಾಯಾಲಯವಿದೆ. ಇ-ಸ್ಪೋರ್ಟ್ಸ್‌ನಲ್ಲಾದರೋ ಆಟವೇ ಒಂದು ಕಂಪನಿಯ ಸ್ವತ್ತು. ನಿಯಮ ಮಾಡುವವರು, ವಿಚಾರಣೆ ಮಾಡುವವರು, ಶಿಕ್ಷಿಸುವವರು ಬಹುಮಟ್ಟಿಗೆ ಒಬ್ಬರೇ. ಒಬ್ಬ ಒಡೆಯ ಮುಚ್ಚಿದ ಬಾಗಿಲಿನ ಪಕ್ಕದಲ್ಲಿ ಇನ್ನೊಬ್ಬ ಒಡೆಯ ಬಾಗಿಲು ತೆರೆಯಲೂಬಹುದು. ನಿಷೇಧಿತ ನಾಲ್ವರಲ್ಲಿ ಒಬ್ಬನಾದ ಜೋಶುವಾ ನಿಸಾನ್ ಬೇರೊಂದು ಕಂಪನಿಯ ವ್ಯಾಲೊರಂಟ್ ಎಂಬ ಆಟಕ್ಕೆ ಹೋಗಿ, 2020ರ ಡಿಸೆಂಬರ್‌ನಲ್ಲಿ ಉತ್ತರ ಅಮೆರಿಕದ ಫಸ್ಟ್ ಸ್ಟ್ರೈಕ್ ಪಂದ್ಯಾವಳಿಯನ್ನು ಗೆದ್ದ ತಂಡದಲ್ಲಿದ್ದ. ಆತನಿಗೆ ಮರು ಅವಕಾಶ ಸಿಕ್ಕಿದ್ದು ನ್ಯಾಯದ ವಿಚಾರಣೆಯಿಂದಲ್ಲ, ಹೊಸ ಆಟವೊಂದು ಮಾರುಕಟ್ಟೆಗೆ ಬಂದದ್ದರಿಂದ.

ಕ್ಷಮಿಸಬಾರದು ಎನ್ನುವವರ ವಾದ

‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂಬುದು ನಮ್ಮ ಹಳೆಯ ಗಾದೆ. ಆಟದ ಬೆಲೆ ಇರುವುದೇ ನಂಬಿಕೆಯಲ್ಲಿ. ಒಮ್ಮೆ ಮಾರಿಕೊಂಡವನು ಮುಂದೆ ಪ್ರಾಮಾಣಿಕವಾಗಿ ಸೋತರೂ ಜನ ನಂಬುವುದಿಲ್ಲ. ಆತನ ಜೊತೆ ಆಡುವವರಿಗೂ ಆ ಕಳಂಕ ಅಂಟುತ್ತದೆ.

ದಕ್ಷಿಣ ಕೊರಿಯ ಈ ದಾರಿಯನ್ನೇ ಹಿಡಿಯಿತು. ಸ್ಟಾರ್‌ಕ್ರಾಫ್ಟ್ ಎಂಬ ಆಟ ಅಲ್ಲಿ ದೂರದರ್ಶನದಲ್ಲಿ ಪ್ರಸಾರವಾಗುವಷ್ಟು ಜನಪ್ರಿಯವಾಗಿತ್ತು. 2010ರಲ್ಲಿ ಕಳ್ಳಾಟ ಬಯಲಾದಾಗ ಅಲ್ಲಿನ ಇ-ಸ್ಪೋರ್ಟ್ಸ್ ಸಂಘ ಹನ್ನೊಂದು ಆಟಗಾರರನ್ನು ಆಜೀವ ನಿಷೇಧಿಸಿತು. ಅವರಲ್ಲಿ ಮಾ ಜೇ-ಯೂನ್ ಎಂಬ ಹೆಸರಾಂತ ಚಾಂಪಿಯನ್ ಕೂಡ ಇದ್ದ.

ಆದರೆ ಈ ಕಠಿಣ ಶಿಕ್ಷೆ ಮುಂದಿನವರನ್ನು ತಡೆಯಿತೇ? 2014ರಲ್ಲಿ ಸ್ಟಾರ್‌ಕ್ರಾಫ್ಟ್ ಎರಡನೆಯ ಆವೃತ್ತಿಯ ವಿಶ್ವ ಚಾಂಪಿಯನ್ ಆದ ಲೀ ಸುಂಗ್-ಹ್ಯುನ್, ಮರುವರ್ಷವೇ ಎರಡು ಪಂದ್ಯಗಳನ್ನು ಏಳು ಕೋಟಿ ವೊನ್ ಹಣಕ್ಕೆ ಬಿಟ್ಟುಕೊಟ್ಟ. ಆಗ ಆತನಿಗೆ ಹದಿನೆಂಟು ವರ್ಷ. 2016ರಲ್ಲಿ ನ್ಯಾಯಾಲಯ ಆತನಿಗೆ ಹದಿನೆಂಟು ತಿಂಗಳ ಅಮಾನತು ಸಜೆ ಹಾಗೂ ಏಳು ಕೋಟಿ ವೊನ್ ದಂಡ ವಿಧಿಸಿತು. ಸಂಘ ಆಜೀವ ನಿಷೇಧ ಹೇರಿತು. ಹನ್ನೊಂದು ಜನರಿಗೆ ಆದ ಗತಿ ಆತನ ಕಣ್ಣೆದುರಿಗೇ ಇತ್ತು. ಆದರೂ ಆಸೆ ಗೆದ್ದಿತು. ಶಿಕ್ಷೆ ಬೇಡವೆಂದು ಇದರ ಅರ್ಥವಲ್ಲ; ಶಿಕ್ಷೆಯ ಉಗ್ರತೆಯೊಂದರಿಂದಲೇ ರೋಗ ವಾಸಿಯಾಗದು ಎಂಬುದಷ್ಟೇ.

ಅವಕಾಶ ಕೊಡಬೇಕು ಎನ್ನುವವರ ವಾದ

ಈ ಪಕ್ಷಕ್ಕೆ ರಷ್ಯದ ಅಲೆಕ್ಸಿ ಬೆರೆಜಿನ್ ನಿದರ್ಶನವಾಗುತ್ತಾನೆ. ‘ಸೋಲೋ’ ಎಂಬುದು ಆತನ ಅಡ್ಡಹೆಸರು. 2013ರಲ್ಲಿ ಡೋಟಾ ಎಂಬ ಆಟದಲ್ಲಿ ಆತ ತನ್ನದೇ ತಂಡದ ವಿರುದ್ಧ ನೂರು ಡಾಲರ್ ಬಾಜಿ ಕಟ್ಟಿ ಸಿಕ್ಕಿಬಿದ್ದ. ಅದರಿಂದ ಬರುವ ಮೊತ್ತ 322 ಡಾಲರ್. ಆ ಆಟದ ಅಭಿಮಾನಿಗಳ ನಡುವೆ ‘322’ ಎಂಬ ಅಂಕಿಯೇ ಕಳ್ಳಾಟಕ್ಕೆ ಪರ್ಯಾಯ ಪದವಾಯಿತು. ಸಂಘಟಕರು ಮೊದಲು ಆಜೀವ ನಿಷೇಧ ಘೋಷಿಸಿದರು. ಬಳಿಕ ಅದನ್ನು ಒಂದು ವರ್ಷಕ್ಕೆ ಇಳಿಸಿದರು. ಆತ ಹಿಂದಿರುಗಿ ವರ್ಟಸ್.ಪ್ರೊ ತಂಡದ ನಾಯಕನಾದ. 2017 ಮತ್ತು 2018ರಲ್ಲಿ ಆ ತಂಡ ಹಲವು ದೊಡ್ಡ ಪಂದ್ಯಾವಳಿಗಳನ್ನು ಗೆದ್ದಿತು. ಪ್ರೇಕ್ಷಕರು 322 ಎಂದು ಕೂಗುವುದನ್ನು ಮಾತ್ರ ಬಿಡಲಿಲ್ಲ. ಅವಕಾಶ ಮರಳಿ ಬಂದರೂ ಕಳೆದ ಹೆಸರು ಪೂರ್ತಿಯಾಗಿ ಮರಳಲಿಲ್ಲ ಎಂಬುದನ್ನು ಇಲ್ಲಿ ಕಾಣಬಹುದು.

ಇನ್ನೊಂದು ಮಾತು. ಈ ಕ್ರೀಡೆಯಲ್ಲಿ ವೃತ್ತಿಜೀವನ ಬಹಳ ಚಿಕ್ಕದು. ಹದಿನೆಂಟರ ಆಟಗಾರನಿಗೆ ಐದು ವರ್ಷ ನಿಷೇಧವೆಂದರೆ ಅವನ ಆಟದ ಆಯುಷ್ಯದ ಬಹುಭಾಗವೇ ಹೋದಂತೆ. ಅದು ಸಣ್ಣ ಶಿಕ್ಷೆಯಲ್ಲ.

ಕ್ರಿಕೆಟ್ ಕಲಿಸಿದ ಪಾಠ

ಕ್ರಿಕೆಟ್ ಈ ಪ್ರಶ್ನೆಯನ್ನು ಮೊದಲೇ ಎದುರಿಸಿದೆ. ಪಾಕಿಸ್ತಾನದ ಮೊಹಮ್ಮದ್ ಆಮಿರ್ 2010ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಹಣಕ್ಕಾಗಿ ನೋಬಾಲ್ ಎಸೆದಾಗ ಹದಿನೆಂಟು ವರ್ಷದವನು. ತಪ್ಪೊಪ್ಪಿಕೊಂಡು, ಇಂಗ್ಲೆಂಡಿನಲ್ಲಿ ಸೆರೆವಾಸ ಅನುಭವಿಸಿ, ಐದು ವರ್ಷ ನಿಷೇಧ ಮುಗಿಸಿ ಹಿಂದಿರುಗಿದ. 2017ರ ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲಿ ಭಾರತದ ಮೊದಲ ಮೂರು ವಿಕೆಟ್‌ಗಳನ್ನು ಕಿತ್ತವನು ಆತನೇ.

ನಮ್ಮ ದೇಶದಲ್ಲಿ ಶ್ರೀಶಾಂತ್ ಅವರಿಗೆ 2013ರಲ್ಲಿ ಕ್ರಿಕೆಟ್ ಮಂಡಳಿ ಆಜೀವ ನಿಷೇಧ ವಿಧಿಸಿತು. ದೆಹಲಿಯ ವಿಚಾರಣಾ ನ್ಯಾಯಾಲಯ 2015ರಲ್ಲಿ ಅವರನ್ನು ಕ್ರಿಮಿನಲ್ ಆರೋಪಗಳಿಂದ ಮುಕ್ತಗೊಳಿಸಿತಾದರೂ ಮಂಡಳಿಯ ನಿಷೇಧ ಉಳಿಯಿತು. 2019ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಆಜೀವ ನಿಷೇಧವನ್ನು ರದ್ದುಪಡಿಸಿ, ಶಿಕ್ಷೆಯ ಪ್ರಮಾಣವನ್ನು ಮರುಪರಿಶೀಲಿಸುವಂತೆ ಮಂಡಳಿಗೆ ಸೂಚಿಸಿತು. ನಿಷೇಧ ಏಳು ವರ್ಷಕ್ಕೆ ಇಳಿಯಿತು. ಶಿಕ್ಷಿಸುವ ಅಧಿಕಾರವಿದೆ, ಆದರೆ ಶಿಕ್ಷೆ ತಪ್ಪಿಗೆ ತಕ್ಕಂತಿರಬೇಕು ಎಂಬ ತತ್ವ ಇಲ್ಲಿ ಎದ್ದು ಕಾಣುತ್ತದೆ.

ಸಮನ್ವಯದ ದಾರಿ

ಇ-ಸ್ಪೋರ್ಟ್ಸ್ ಕ್ಷೇತ್ರವೂ ನಿಧಾನವಾಗಿ ಈ ತತ್ವದತ್ತ ಬಂದಿದೆ. ಕ್ರೀಡೆಯ ಪ್ರಾಮಾಣಿಕತೆಯನ್ನು ಕಾಯಲೆಂದು ಹುಟ್ಟಿದ ಇಎಸ್‌ಐಸಿ ಎಂಬ ಸಂಸ್ಥೆ 2017ರಲ್ಲಿ ಕಳ್ಳಾಟಕ್ಕೆ ಸಾಮಾನ್ಯವಾಗಿ ಐದು ವರ್ಷ ನಿಷೇಧವೆಂದು ಮಾರ್ಗಸೂಚಿ ಹಾಕಿತು. ಸನ್ನಿವೇಶ ನೋಡಿ ಹೆಚ್ಚು-ಕಡಿಮೆ ಮಾಡಲು ಅವಕಾಶವಿಟ್ಟಿತು. 2021ರ ಜನವರಿಯಲ್ಲಿ ಬಾಜಿಯ ತಪ್ಪಿಗಾಗಿ ಆಸ್ಟ್ರೇಲಿಯದ ಮೂವತ್ತೈದು ಆಟಗಾರರನ್ನು ಶಿಕ್ಷಿಸಿದಾಗ, ತಪ್ಪಿನ ತೂಕ ನೋಡಿ ಒಂದು ವರ್ಷದಿಂದ ಐದು ವರ್ಷದವರೆಗೆ ಬೇರೆ ಬೇರೆ ಅವಧಿ ನಿಗದಿ ಮಾಡಿತು.

ಹಾಗಾದರೆ ನಮ್ಮ ಪ್ರಶ್ನೆಗೆ ಉತ್ತರವೇನು? ಮೊದಲ ಬಾರಿ ತಪ್ಪಿದವನಿಗೆ ಮರಳುವ ದಾರಿ ಇರಬೇಕು. ಆದರೆ ಆ ದಾರಿ ಪುಕ್ಕಟೆಯಾಗಿರಬಾರದು. ನಿಷೇಧ ಹೇರುವ ದಿನವೇ ಅದು ಮುಗಿಯುವ ದಿನವನ್ನೂ ಬರೆಯಬೇಕು. ಕೊನೆಯಿಲ್ಲದ ನಿಷೇಧ ಅಪರಾಧಿಯನ್ನು ತಿದ್ದುವುದಿಲ್ಲ, ಕಾಯಿಸುತ್ತದೆ. ಆಟಗಾರ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಬೇಕು, ಪಡೆದದ್ದನ್ನು ಹಿಂದಿರುಗಿಸಬೇಕು, ಆಮಿಷ ಒಡ್ಡಿದವರ ಹೆಸರು ತಿಳಿಸಬೇಕು. ಎಳೆಯರನ್ನು ಬಲೆಗೆ ಕೆಡವುವ ದಲ್ಲಾಳಿಗೆ, ತಂಡವನ್ನು ಕಾಯಬೇಕಾದ ತಾನೇ ಮಾರುವ ವ್ಯವಸ್ಥಾಪಕನಿಗೆ ಈ ರಿಯಾಯಿತಿ ಸಲ್ಲದು. ಬೇಲಿಯೇ ಎದ್ದು ಹೊಲ ಮೇಯ್ದರೆ ಅದಕ್ಕೆ ಬೇರೆ ಅಳತೆ ಬೇಕು. ಎರಡನೆಯ ಬಾರಿ ಸಿಕ್ಕಿಬಿದ್ದವನಿಗೂ ಅಷ್ಟೇ.

ಇದಿಷ್ಟನ್ನೂ ಹೇಳುವಾಗ ಪ್ರಾಮಾಣಿಕ ಆಟಗಾರನನ್ನು ಮರೆಯಬಾರದು. ಆಮಿಷವನ್ನು ತಳ್ಳಿ, ಕಡಿಮೆ ಸಂಪಾದನೆಯಲ್ಲೇ ಆಡಿದವನ ಸ್ಥಾನವನ್ನು ಕಿತ್ತು ಹಿಂದಿರುಗಿದವನಿಗೆ ಕೊಡಲಾಗದು. ಹಿಂದಿರುಗುವವನು ಕೆಳಗಿನ ಮೆಟ್ಟಿಲಿನಿಂದಲೇ ಹತ್ತಬೇಕು.

ವಿದ್ಯಾರ್ಥಿಗಳೇ, ಭಾರತದ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾನೂನು ಇ-ಸ್ಪೋರ್ಟ್ಸ್‌ಗೆ ಮನ್ನಣೆ ನೀಡಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಆಟ ಬೇರೆ, ಜೂಜು ಬೇರೆ ಎಂಬ ಗೆರೆಯನ್ನು ಅದು ಎಳೆದಿದೆ. ನಿಮ್ಮಲ್ಲಿ ಕೆಲವರು ನಾಳೆ ಈ ಕಣಕ್ಕೆ ಇಳಿಯಬಹುದು. ಆದ್ದರಿಂದ ತರಗತಿಯಲ್ಲಿ, ಗೆಳೆಯರ ನಡುವೆ ಈ ಪ್ರಶ್ನೆಗಳನ್ನು ಚರ್ಚಿಸಿ ನೋಡಿ:

1. ತಪ್ಪು ಮಾಡಿದಾಗಿನ ವಯಸ್ಸು ಶಿಕ್ಷೆಯನ್ನು ಕಡಿಮೆ ಮಾಡಬೇಕೇ?

2. ಆಟದ ಒಡೆತನವಿರುವ ಕಂಪನಿಯೇ ನ್ಯಾಯಾಧೀಶನಾಗಬಹುದೇ? ಇಲ್ಲವಾದರೆ ಮತ್ತಾರು?

3. ನಿಮ್ಮ ತಂಡದ ಗೆಳೆಯನೊಬ್ಬ ಹಣ ಪಡೆದು ಸೋಲಲು ಒಪ್ಪಿದ್ದಾನೆಂದು ನಿಮಗೆ ಪಂದ್ಯಕ್ಕೆ ಮೊದಲೇ ತಿಳಿದರೆ, ನೀವು ಯಾರಿಗೆ ಹೇಳುತ್ತೀರಿ?