ಅಂತಸ್ತು ಇಪ್ಪತ್ತು, ಆಕಾಶ ಒಂದೇ

ಮುಂಬಯಿಯಿಂದ ಗೋವಾ, ಲಕ್ಷದ್ವೀಪ, ಕೊಚ್ಚಿಗಳತ್ತ ಪ್ರವಾಸಿಗರನ್ನು ಹೊತ್ತು ತಿರುಗುವ ಕೊರ್ಡೇಲಿಯಾ ಕಂಪನಿಯ ‘ಎಂಪ್ರೆಸ್’ ಹೊಸ ಹಡಗಲ್ಲ. 1990ರಲ್ಲಿ ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ‘ನಾರ್ಡಿಕ್ ಎಂಪ್ರೆಸ್’ ಎಂಬ ಹೆಸರಿನಿಂದ ಹೊರಬಂದು, ರಾಯಲ್ ಕೆರಿಬಿಯನ್ ಕಂಪನಿಯಲ್ಲಿ ಬಹುಕಾಲ ದುಡಿದು, 2021ರಿಂದ ನಮ್ಮ ಕಡಲಿನಲ್ಲಿದೆ. ಉದ್ದ 211 ಮೀಟರ್, ಅಗಲ ಸುಮಾರು 31 ಮೀಟರ್. ಕೋಣೆಗೆ ಇಬ್ಬರಂತೆ ಲೆಕ್ಕ ಹಾಕಿದರೆ ಸುಮಾರು 1,600 ಪ್ರಯಾಣಿಕರು. ಅದೇ ರಾಯಲ್ ಕೆರಿಬಿಯನ್ 2024ರ ಜನವರಿಯಲ್ಲಿ ಮಯಾಮಿಯಿಂದ ಹೊರಡಿಸಿದ ‘ಐಕಾನ್ ಆಫ್ ದಿ ಸೀಸ್’ 365 ಮೀಟರ್ ಉದ್ದ, ನೀರಿನ ಮಟ್ಟದಲ್ಲಿ 48 ಮೀಟರ್ ಅಗಲ. ಅದೇ ಲೆಕ್ಕದಲ್ಲಿ 5,610 ಜನ, ಎಲ್ಲ ಹಾಸಿಗೆಗಳೂ ತುಂಬಿದರೆ 7,600. ಈ ಎರಡು ಹಡಗುಗಳ ಅಳತೆಗಳನ್ನು ಅಕ್ಕಪಕ್ಕ ಇಟ್ಟರೆ ಕ್ರೂಸ್ ಉದ್ಯಮದ ಒಂದು ಮೂಲಭೂತ ತಾಪತ್ರಯ ಕಾಣುತ್ತದೆ. ಉದ್ದ ಮತ್ತು ಅಗಲಗಳ ಗುಣಲಬ್ಧ ಹೆಚ್ಚಿದ್ದು ಎರಡೂ ಮುಕ್ಕಾಲು ಪಟ್ಟು. ಜನ ಹೆಚ್ಚಿದ್ದು ಮೂರೂವರೆ ಪಟ್ಟು. ಹಡಗಿನ ಒಳಗಿನ ಒಟ್ಟು ಘನ ಅವಕಾಶವನ್ನು ಹೇಳುವ ಗ್ರಾಸ್ ಟನೇಜ್ (ಹೆಸರಿನಲ್ಲಿ ಟನ್ ಇದ್ದರೂ ಅದು ತೂಕವಲ್ಲ) 48,563ರಿಂದ 2,48,663ಕ್ಕೆ, ಅಂದರೆ ಐದು ಪಟ್ಟಿಗೂ ಮಿಗಿಲಾಗಿ ಏರಿದೆ. ಅಂತಸ್ತಿನ ಮೇಲೆ ಅಂತಸ್ತು ಏರಿಸಿ ಕೋಣೆಗಳನ್ನು ಎಷ್ಟಾದರೂ ಸೇರಿಸಬಹುದು, ಆದರೆ ಬಿಸಿಲು ಬೀಳುವ ಮಹಡಿ ಮೇಲಿನದೊಂದೇ. ಆ ಒಂದು ಮಹಡಿಯನ್ನು ಹಂಚುವ ಕಸುಬು ಹಡಗು ವಿನ್ಯಾಸಕಾರರ ಜಾಣ್ಮೆಯನ್ನೆಲ್ಲ ಬೇಡುತ್ತದೆ. ನನ್ನ ವಾದ ಇಷ್ಟೇ: ಇದು ಈಜುಕೊಳ ಕಟ್ಟುವ ವಿದ್ಯೆಗಿಂತ ಹೆಚ್ಚಾಗಿ ಜನ ಒಂದೇ ಹೊತ್ತಿಗೆ ಒಂದೇ ಕಡೆ ಸೇರದಂತೆ ನೋಡಿಕೊಳ್ಳುವ ವಿದ್ಯೆ.

ಕೊಳವನ್ನೇ ದೊಡ್ಡದು ಮಾಡಿದರಾಗದೇ ಎಂಬುದು ಯಾರಿಗಾದರೂ ಹೊಳೆಯುವ ಮೊದಲ ಪ್ರಶ್ನೆ. ಆಗದು, ಏಕೆಂದರೆ ನೀರಿಗೆ ತೂಕವಿದೆ, ಜೊತೆಗೆ ಅದು ಸುಮ್ಮನೆ ನಿಲ್ಲುವುದಿಲ್ಲ. ಐಕಾನ್‌ನ ‘ರಾಯಲ್ ಬೇ’ ಕೊಳವನ್ನು ಕಡಲ ಮೇಲಿನ ಅತಿ ದೊಡ್ಡ ಈಜುಕೊಳ ಎಂದು ಕಂಪನಿ ಹೊಗಳಿಕೊಳ್ಳುತ್ತದೆ. ಅದರಲ್ಲಿರುವುದು 40,000 ಗ್ಯಾಲನ್, ಅಂದರೆ ಒಂದೂವರೆ ಲಕ್ಷ ಲೀಟರ್ ನೀರು. ಎರಡು ಮೀಟರ್ ಆಳದ ಒಲಿಂಪಿಕ್ ಕೊಳಕ್ಕೆ 25 ಲಕ್ಷ ಲೀಟರ್ ಬೇಕು. ಸಮುದ್ರದ ಮೇಲಿನ ದಾಖಲೆಯ ಕೊಳ ನೆಲದ ಮೇಲಿನ ಸ್ಪರ್ಧಾ ಕೊಳದ ಹದಿನಾರನೇ ಒಂದು ಪಾಲು! ಹಾಗಿದ್ದೂ ಅದು 150 ಟನ್ ತೂಗುತ್ತದೆ, ಆ ಭಾರ ಹಡಗಿನ ತಳದಲ್ಲಿರದೆ ನೆತ್ತಿಯ ಹತ್ತಿರ ಕೂತಿರುತ್ತದೆ. ಮೇಲೆ ಭಾರ ಹೆಚ್ಚಿದಷ್ಟೂ ಹಡಗಿನ ಗುರುತ್ವ ಕೇಂದ್ರ ಮೇಲಕ್ಕೇರಿ, ಪಕ್ಕಕ್ಕೆ ವಾಲಿದಾಗ ಮತ್ತೆ ನೆಟ್ಟಗಾಗುವ ಶಕ್ತಿ ಕುಗ್ಗುತ್ತದೆ. ಇನ್ನು ಓಲಾಟದ ಮಾತು. ಹಡಗು ಬಲಕ್ಕೆ ವಾಲಿದರೆ ಕೊಳದ ನೀರೂ ಬಲಕ್ಕೇ ಹರಿದು ವಾಲುವಿಕೆಗೆ ಕುಮ್ಮಕ್ಕು ಕೊಡುತ್ತದೆ. ಈ ಕಾಟ ಕೊಳದ ಅಗಲದ ಘನಕ್ಕೆ ಅನುಗುಣವಾಗಿ ಏರುವುದರಿಂದ ಅಗಲ ಇಮ್ಮಡಿಯಾದರೆ ಪರಿಣಾಮ ಎಂಟು ಮಡಿ. ಅದೇ ಒಂದು ಕೊಳವನ್ನು ಅಗಲದಲ್ಲಿ ಸರಿಯಾಗಿ ಎರಡು ಹೋಳು ಮಾಡಿದರೆ ಪ್ರತಿ ಹೋಳಿನದು ಎಂಟನೇ ಒಂದು ಪಾಲು, ಎರಡೂ ಸೇರಿ ಕಾಲು ಭಾಗ. ದೊಡ್ಡ ಹಡಗುಗಳಲ್ಲಿ ಒಂದು ವಿಶಾಲ ಕೊಳದ ಬದಲು ಹಲವು ಸಣ್ಣ ಕೊಳಗಳು ಎಡಬಲಕ್ಕೆ ಹಂಚಿಕೊಂಡಿರುವುದಕ್ಕೆ ಈ ಗಣಿತವೂ ಒಂದು ಕಾರಣ. ಅಲೆ ಜೋರಾದಾಗ ಕೊಳದ ನೀರು ಉಕ್ಕಿ ಡೆಕ್ಕಿನ ಮೇಲೆ ಚೆಲ್ಲುತ್ತದೆ, ಒಳಗಿದ್ದವರನ್ನು ಗೋಡೆಗೆ ಅಪ್ಪಳಿಸುತ್ತದೆ. ಆಗ ಬಲೆ ಹೊದಿಸಿ ಮುಚ್ಚುತ್ತಾರೆ ಇಲ್ಲವೇ ನೀರನ್ನೇ ಖಾಲಿ ಮಾಡುತ್ತಾರೆ.

ಹಳಬರು ಈ ಸಮಸ್ಯೆಗೆ ಸಿಕ್ಕಿಕೊಳ್ಳಲೇ ಇಲ್ಲ. 1911ರ ‘ಒಲಿಂಪಿಕ್’ ಮತ್ತು ಮರುವರ್ಷದ ‘ಟೈಟಾನಿಕ್’ ಹಡಗುಗಳಲ್ಲಿ ಕೊಳ ಇದ್ದದ್ದು ಹೊಟ್ಟೆಯೊಳಗೆ, ಸೂರಿನ ಕೆಳಗೆ. ಬಿಸಿಲು ಕಾಯಿಸಿಕೊಳ್ಳುವುದು ಆ ಕಾಲದ ಶ್ರೀಮಂತರ ಲಕ್ಷಣವಾಗಿರಲಿಲ್ಲ. ಬಿಸಿಲೇ ಸುಖವಾದ ಮೇಲೆ, 1932ರ ಇಟಲಿಯ ‘ರೆಕ್ಸ್’ನಂಥ ಹಡಗುಗಳಲ್ಲಿ ಕೊಳ ಮೇಲೇರಿ ಬಯಲಿಗೆ ಬಂತು, ಜಾಗದ ಜಗಳವೂ ಅದರೊಂದಿಗೆ ಬಂತು. ‘ಹಳೆಯ ಹಡಗುಗಳಲ್ಲಿ ಎಷ್ಟು ವಿಶಾಲವಾಗಿತ್ತು, ಈಗ ಸಂತೆ’ ಎಂದು ಹಲುಬುವವರು ಒಂದು ಸಂಗತಿ ಮರೆಯುತ್ತಾರೆ. ಟೈಟಾನಿಕ್‌ನ ಕೊಳ ಮೊದಲ ದರ್ಜೆಯವರಿಗಷ್ಟೇ ಮೀಸಲು. ಅವರಲ್ಲೂ ಹೆಂಗಸರಿಗೊಂದು ಹೊತ್ತು, ಗಂಡಸರಿಗೊಂದು ಹೊತ್ತು, ಮೇಲೆ ಟಿಕೆಟ್ಟು ಬೇರೆ. ಹಡಗಿನ ಬಹುಪಾಲು ಜನರನ್ನು ಬಾಗಿಲಲ್ಲೇ ತಡೆದರೆ ಯಾವ ಕೊಳವಾದರೂ ವಿಶಾಲವೇ.

ಇಂದಿನ ಪೂಲ್ ಡೆಕ್ಕಿನಲ್ಲಿ ನಿಜವಾಗಿ ಕೊರತೆಯಿರುವುದು ನೀರಿಗಲ್ಲ, ಕುರ್ಚಿಗೆ. ಕೊಳದೊಳಗೆ ಜನ ಸ್ವಲ್ಪ ಹೊತ್ತು ಇದ್ದು ಎದ್ದುಬರುತ್ತಾರೆ, ಅದರ ದಡದಲ್ಲಿ ಮಾತ್ರ ದಿನವಿಡೀ ಮೈಚೆಲ್ಲಿರುತ್ತಾರೆ. ನಿಂತವನಿಗೆ ಬೇಕಾದ ನೆಲಕ್ಕೂ ಮಲಗಿದವನಿಗೆ ಬೇಕಾದ ನೆಲಕ್ಕೂ ಅಜಗಜಾಂತರ. ಬಂದರಿನಲ್ಲಿ ನಿಂತ ದಿನ ಊರು ನೋಡಲು ಜನ ಇಳಿದುಹೋಗುವುದರಿಂದ ತೊಂದರೆ ಇಲ್ಲ. ನವಮಂಗಳೂರು ಬಂದರಿಗೆ ಚಳಿಗಾಲದಲ್ಲಿ ಬರುವ ವಿದೇಶಿ ಕ್ರೂಸ್ ಹಡಗುಗಳ ಪ್ರವಾಸಿಗರೂ ಬೆಳಗ್ಗೆಯೇ ಬಸ್ಸು ಹತ್ತಿ ಹೊರಟುಬಿಡುತ್ತಾರೆ. ಪರೀಕ್ಷೆ ಇರುವುದು ನಡುಗಡಲಿನಲ್ಲಿ ಕಳೆಯುವ ದಿನ. ಅಂದು ನಮ್ಮ ಸಾರಿಗೆ ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆಯುವವರ ಸೋದರರು ಬೆಳಕು ಹರಿಯುವ ಮೊದಲೇ ಡೆಕ್ಕಿಗೆ ಬಂದು, ಒರಗುಕುರ್ಚಿಗಳ ಮೇಲೆ ಟವೆಲ್ಲು, ಪುಸ್ತಕ, ಚಪ್ಪಲಿ ಇಟ್ಟು ಮತ್ತೆ ಹೋಗಿ ಮಲಗುತ್ತಾರೆ. ಇದಕ್ಕೆ ಕಂಪನಿಗಳು ಕಂಡುಕೊಂಡ ಮದ್ದು ಗಡಿಯಾರ. ವಾರಸುದಾರರಿಲ್ಲದ ಕುರ್ಚಿಗೆ ಸಿಬ್ಬಂದಿ ಹೊತ್ತು ನಮೂದಿಸಿದ ಚೀಟಿ ಅಂಟಿಸಿ, ಅರ್ಧ ಗಂಟೆಯೋ ನಲವತ್ತು ನಿಮಿಷವೋ ಕಳೆದ ಮೇಲೆ ಸಾಮಾನು ಎತ್ತಿಡುತ್ತಾರೆ. ಕಾಗದದ ಮೇಲೆ ನಿಯಮ ಚೆನ್ನಾಗಿದೆ. ರಜೆಗೆಂದು ದುಡ್ಡು ಕೊಟ್ಟು ಬಂದ ಅತಿಥಿಯ ಟವೆಲ್ ಎತ್ತುವ ಕೆಲಸ ಅತಿಥಿಸತ್ಕಾರಕ್ಕೆಂದೇ ಸೇರಿದ ಹುಡುಗನ ಪಾಲಿಗೆ ಬರುವುದರಿಂದ ಆಚರಣೆಯಲ್ಲಿ ಅದು ಆಗಾಗ ಕಣ್ಣುಮುಚ್ಚುತ್ತದೆ.

ಹಾಗಾಗಿ ವಿನ್ಯಾಸಕಾರರು ಶಿಸ್ತಿಗಿಂತ ಆಮಿಷವನ್ನೇ ಹೆಚ್ಚು ನಂಬುತ್ತಾರೆ. ಜನರನ್ನು ಕುರ್ಚಿಯಿಂದ ಎಬ್ಬಿಸಬೇಕಾದರೆ ಬೇರೆಡೆ ಏನಾದರೂ ನಡೆಯುತ್ತಿರಬೇಕು. ಈ ದೃಷ್ಟಿಯಿಂದ ನೋಡಿದರೆ ನೀರಿನ ಜಾರುಬಂಡೆಗಳ ಮೇಲಿನ ಒಂದು ಆಕ್ಷೇಪಕ್ಕೆ ಉತ್ತರ ಸಿಗುತ್ತದೆ. ಆಟದ ಸಾಮಾನುಗಳೇ ಡೆಕ್ಕನ್ನು ನುಂಗಿ ಕುರ್ಚಿಗೆ ಜಾಗ ಇಲ್ಲದಾಯಿತು ಎನ್ನುವವರಿದ್ದಾರೆ. ಆದರೆ ಜಾರುಬಂಡೆ ಬಳಸುವುದು ಮುಖ್ಯವಾಗಿ ಎತ್ತರವನ್ನು. ನೆಲದಲ್ಲಿ ಅದಕ್ಕೆ ಬೇಕಾದದ್ದು ಕೆಲವು ಕಂಬಗಳ ಜಾಗ, ಒಂದು ಮೆಟ್ಟಿಲಸಾಲು. 2011ರ ‘ಡಿಸ್ನಿ ಡ್ರೀಮ್’ ಹಡಗಿನ ‘ಆಕ್ವಾಡಕ್’ 233 ಮೀಟರ್ ಉದ್ದದ ಪಾರದರ್ಶಕ ಕೊಳವೆ. ಅದು ಜನರ ತಲೆಯ ಮೇಲೆಯೇ ಸುತ್ತು ಹಾಕಿ, ಹಡಗಿನ ಅಂಚು ದಾಟಿ ಕಡಲಿನ ಮೇಲೆ ಚಾಚಿ, ಚಿಮಣಿಯೊಳಗೂ ತೂರಿ ಬರುತ್ತದೆ. ಯಾರ ಕುರ್ಚಿಗೂ ಸಲ್ಲದಿದ್ದ ಗಾಳಿಯ ಜಾಗ ಅದು. ಇದರ ಜೊತೆಗೆ ಯಾರೂ ಬಾಯಿಬಿಟ್ಟು ಹೇಳದ ಲಾಭವೊಂದಿದೆ: ಮೆಟ್ಟಿಲ ಮೇಲೆ ಸರದಿಯಲ್ಲಿ ನಿಂತ ನೂರು ಮಕ್ಕಳು ಕೊಳದಲ್ಲೂ ಇರುವುದಿಲ್ಲ, ಕುರ್ಚಿಯಲ್ಲೂ ಇರುವುದಿಲ್ಲ. ಸರದಿಯೂ ಒಂದು ಕೋಣೆಯೇ, ಅದೂ ಬಹಳ ಕಡಿಮೆ ನೆಲ ಬೇಡುವ ಕೋಣೆ.

ಎತ್ತರದ ನಂತರ ಕಾಲ. ಒಂದೇ ನೆಲ ಹಗಲು ಒಂದಾಗಿ ಇರುಳು ಇನ್ನೊಂದಾದರೆ ಜಾಗ ಇಮ್ಮಡಿಯಾದಂತೆ. 1965ರ ‘ಓಷಿಯಾನಿಕ್’ ಕೊಳದ ಮೇಲೆ ಸರಿಯುವ ಗಾಜಿನ ಮಾಡು ಹಾಕಿ, ಮಳೆ-ಚಳಿಯ ದಿನಗಳನ್ನೂ ಲೆಕ್ಕಕ್ಕೆ ಸೇರಿಸಿಕೊಂಡಿತು. 2004ರ ‘ಕೆರಿಬಿಯನ್ ಪ್ರಿನ್ಸೆಸ್’ ಕೊಳದ ಬಳಿ ದೊಡ್ಡ ಪರದೆ ನಿಲ್ಲಿಸಿ, ಬಿಸಿಲು ಕಾಯುವ ಕುರ್ಚಿಗಳನ್ನೇ ರಾತ್ರಿ ಸಿನಿಮಾ ಕುರ್ಚಿಗಳನ್ನಾಗಿಸಿತು. 2021ರಲ್ಲಿ ಸಂಚಾರ ಆರಂಭಿಸಿದ ಬ್ರಿಟನ್ನಿನ ‘ಅಯೋನಾ’ದಲ್ಲಿ ಗಾಜಿನ ಗುಮ್ಮಟದ ಕೆಳಗಿನ ಕೊಳವನ್ನು ಸಂಜೆ ವೇದಿಕೆ ಮುಚ್ಚಿಕೊಳ್ಳುತ್ತದೆ. ಹಗಲು ಈಜಿದ ಜಾಗದ ಮೇಲೆಯೇ ರಾತ್ರಿ ಪ್ರದರ್ಶನ.

ಎಲ್ಲಕ್ಕಿಂತ ದಿಟ್ಟ ಉತ್ತರ ಕೊಟ್ಟದ್ದು 2009ರ ‘ಓಯಸಿಸ್ ಆಫ್ ದಿ ಸೀಸ್’. ಆಕಾಶ ಮೇಲಿನ ಮಹಡಿಗೆ ಮಾತ್ರ ಏಕೆ ಸಿಗಬೇಕು ಎಂದು ಕೇಳಿಕೊಂಡ ಅದರ ವಿನ್ಯಾಸಕಾರರು ಹಡಗಿನ ಮೇಲ್ಭಾಗವನ್ನು ಉದ್ದಕ್ಕೆ ಸೀಳಿ, ನಡುವೆ ಬಯಲು ಬಿಟ್ಟರು. ಏಳೆಂಟು ಅಂತಸ್ತು ಕೆಳಗೆ, ಸಾವಿರಾರು ಜೀವಂತ ಗಿಡಗಳಿರುವ ಉದ್ಯಾನಕ್ಕೆ ಬೆಳಕು ಬಿತ್ತು. ಮೇಲೆ ನೋಡಿದರೆ ಇದು ನಷ್ಟದ ವ್ಯಾಪಾರ, ಏಕೆಂದರೆ ಕೊಳದ ಮಹಡಿಯ ನಡುಭಾಗವೇ ಹೋಯಿತು, ಕೊಳಗಳು ಎಡಬಲದ ಪಟ್ಟಿಗಳಿಗೆ ಸರಿದವು. ಆದರೆ ಕಡಲಿಗೆ ಮುಖವಿಲ್ಲದ ಒಳಕೋಣೆಗಳಿಗೆ ಉದ್ಯಾನದ ಕಡೆಗೆ ಬಾಲ್ಕನಿ ಸಿಕ್ಕಿತು, ಅವುಗಳ ಬೆಲೆ ಏರಿತು. ಮೇಲೆ ಬರಬೇಕಿದ್ದ ಎಷ್ಟೋ ಜನ ಕೆಳಗೆ ಮರದ ನೆರಳಿನಲ್ಲಿ ಉಳಿದರು. ಕಳೆದುಕೊಂಡ ನೆಲ ಬೇರೆ ಮಹಡಿಯಲ್ಲಿ ಬಡ್ಡಿ ಸಮೇತ ಬಂತು. 2022ರ ‘ನಾರ್ವೇಜಿಯನ್ ಪ್ರೀಮಾ’ ಇನ್ನೊಂದು ದಾರಿ ಹಿಡಿದು ಎಂಟನೇ ಡೆಕ್ಕಿನ ಎರಡೂ ಮಗ್ಗುಲಲ್ಲಿ, ಕಡಲಿಗೆ ಹತ್ತಿರವಾಗಿ, ಸಣ್ಣ ಇನ್ಫಿನಿಟಿ ಕೊಳಗಳನ್ನು ಇಟ್ಟಿತು. ಭಾರ ಕೆಳಗಿಳಿಯಿತು, ಜನರೂ ಚದುರಿದರು. ನನ್ನ ಮಟ್ಟಿಗೆ ಇದು ಜಾರುಬಂಡೆಗಿಂತ ಸುಸಂಸ್ಕೃತ ಉಪಾಯ: ಕಡಲಯಾನಕ್ಕೆ ಬಂದವರಿಗೆ ಕಡಲು ಕಾಣಿಸುತ್ತದೆ.

ಇಲ್ಲೊಂದು ಗಂಭೀರ ಆಕ್ಷೇಪವಿದೆ, ಅದನ್ನು ಜಾಣ ವಿನ್ಯಾಸದ ಮಾತಿನಿಂದ ತಳ್ಳಿಹಾಕಲಾಗದು. ಜನರನ್ನು ಚದುರಿಸುವ ಅತಿ ಸುಲಭ ದಾರಿ ದರ. ಎಂಎಸ್‌ಸಿ ಕಂಪನಿಯ ‘ಯಾಟ್ ಕ್ಲಬ್’, ನಾರ್ವೇಜಿಯನ್‌ನ ‘ಹೇವನ್’ ಇವೆಲ್ಲ ಹಡಗಿನೊಳಗಿನ ಹಡಗುಗಳು. ದುಬಾರಿ ಸೂಟ್ ಹಿಡಿದವರಿಗೆ ಮಾತ್ರ ತೆರೆಯುವ ಬಾಗಿಲಿನ ಹಿಂದೆ ಅವರದೇ ಡೆಕ್, ಅವರದೇ ಕೊಳ, ಯಾವಾಗ ಹೋದರೂ ಖಾಲಿ ಇರುವ ಕುರ್ಚಿ. ಉಳಿದವರ ಪಾಲಿನ ಆಕಾಶ ಅಷ್ಟರಮಟ್ಟಿಗೆ ಕಿರಿದಾಯಿತು. ಸೂಟಿನವರು ಕೊಡುವ ಹೆಚ್ಚಿನ ಹಣದಿಂದಲೇ ಕೆಳಗಿನ ಕೋಣೆಗಳ ದರ ಕಡಿಮೆ ಇರುತ್ತದೆ, ದೊಡ್ಡ ಹಡಗು ಕಟ್ಟಲು ಸಾಧ್ಯವಾಗುತ್ತದೆ ಎಂಬುದು ಉದ್ಯಮದ ಪರವಾದ ಉತ್ತರ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಜಾಗ ನಿಜವಾಗಿಯೂ ಮಿತವಾಗಿರುವಾಗ ಯಾವುದಾದರೂ ಒಂದು ಅಳತೆಗೋಲಿನಿಂದ ಅದನ್ನು ಹಂಚಲೇಬೇಕು: ಮೊದಲು ಬಂದವರಿಗೆ, ಸರದಿಯಲ್ಲಿ ನಿಂತವರಿಗೆ, ಅಥವಾ ಹೆಚ್ಚು ಕೊಟ್ಟವರಿಗೆ. ಈ ಮಾತು ನಿಲ್ಲುವುದು ‘ಜಾಗ ಮಿತ’ ಎಂಬ ಆಧಾರದ ಮೇಲೆ.

ಆ ಆಧಾರವನ್ನು ಪರೀಕ್ಷಿಸಲು ಉದ್ಯಮವೇ ಒಂದು ಪ್ರಯೋಗಶಾಲೆ ತೆರೆದಿದೆ. ಹಡಗಿನ ಮೇಲೆ ಇನ್ನು ಜಾಗ ಹಿಗ್ಗದೆಂದು ಕಂಡ ಕಂಪನಿಗಳು ಪೂಲ್ ಡೆಕ್ಕನ್ನು ಬಹಾಮಾಸ್‌ನ ದ್ವೀಪಗಳ ಮೇಲೆ ಕಟ್ಟತೊಡಗಿವೆ. ನಾರ್ವೇಜಿಯನ್ 1977ರಲ್ಲೇ ‘ಗ್ರೇಟ್ ಸ್ಟಿರಪ್ ಕೇ’ ಕೊಂಡಿತ್ತು. ಪಕ್ಕದ ‘ಲಿಟಲ್ ಸ್ಟಿರಪ್ ಕೇ’ ದ್ವೀಪವನ್ನು ರಾಯಲ್ ಕೆರಿಬಿಯನ್ 2019ರಲ್ಲಿ ‘ಪರ್ಫೆಕ್ಟ್ ಡೇ ಅಟ್ ಕೊಕೊಕೇ’ ಎಂದು ಹೊಸದಾಗಿ ತೆರೆಯಿತು. 2025ರಲ್ಲಿ ಕಾರ್ನಿವಲ್‌ನ ‘ಸೆಲೆಬ್ರೇಷನ್ ಕೀ’ ಬಂತು. ದ್ವೀಪ ಓಲಾಡುವುದಿಲ್ಲ, ನೀರಿನ ಭಾರಕ್ಕೆ ವಾಲುವುದಿಲ್ಲ. ಅಲ್ಲಿ ಕೊಳವನ್ನು ಬೇಕಾದಷ್ಟು ಅಗಲ ಮಾಡಬಹುದು, ಕೊಕೊಕೇಯಲ್ಲಿ ಮಾಡಿದ್ದಾರೆ ಕೂಡ. ಸುತ್ತ ಇಡೀ ಅಟ್ಲಾಂಟಿಕ್ ಇದೆ. ಹಾಗಿದ್ದೂ ಅಲ್ಲಿನ ವಾಟರ್ ಪಾರ್ಕಿಗೆ ಪ್ರತ್ಯೇಕ ಟಿಕೆಟ್, ‘ಕೊಕೊ ಬೀಚ್ ಕ್ಲಬ್’ಗೆ ಪ್ರತ್ಯೇಕ ಶುಲ್ಕ, 2024ರಲ್ಲಿ ವಯಸ್ಕರಿಗೆಂದು ತೆರೆದ ‘ಹೈಡ್‌ಅವೇ ಬೀಚ್’ಗೆ ಇನ್ನೊಂದು, ನೆರಳಿನ ಕಬಾನಾಗಳಿಗೆ ಬಾಡಿಗೆ. ಹಡಗಿನ ಮೇಲೆ ಗಣಿತ ಹಾಕಿಸಿದ ಬೇಲಿಗಳನ್ನು ಮರಳಿನ ಮೇಲೆ ಯಾರೂ ಬಲವಂತದಿಂದ ಹಾಕಿಸಿದ್ದಲ್ಲ.