ಬೊಜ್ಜಿಗೆ ಕತ್ತರಿ! ಯಾವ ಆಪರೇಷನ್, ಯಾರಿಗೆ?

2022ರ ಮೇ ತಿಂಗಳು. ಕನ್ನಡ ಕಿರುತೆರೆಯ ನಟಿ ಚೇತನಾ ರಾಜ್ ಬೆಂಗಳೂರಿನ ಖಾಸಗಿ ಚಿಕಿತ್ಸಾಲಯವೊಂದಕ್ಕೆ ಕೊಬ್ಬು ತೆಗೆಸಿಕೊಳ್ಳಲು ಹೋದರು. ತಿರುಗಿ ಮನೆಗೆ ಬರಲಿಲ್ಲ. ವಯಸ್ಸು ಬರೀ 21! ಇದಕ್ಕೂ ಏಳು ವರ್ಷ ಮೊದಲು, 2015ರ ಜೂನ್‌ನಲ್ಲಿ, ತೆಲುಗಿನ ತಾರೆ ಆರತಿ ಅಗರ್ವಾಲ್ ಅಮೆರಿಕದಲ್ಲಿ ಕಣ್ಣುಮುಚ್ಚಿದರು. ಅವರೂ ಕೆಲವು ವಾರಗಳ ಹಿಂದೆ ಕೊಬ್ಬು ತೆಗೆಸಿಕೊಂಡಿದ್ದರು. ವಯಸ್ಸು 31.

ಈ ಸುದ್ದಿ ಬಂದಾಗಲೆಲ್ಲ ಗಾಂಧಿನಗರದ ಟೀ ಅಂಗಡಿಯಲ್ಲಿ ಒಂದೇ ಮಾತು: "ತೂಕ ಇಳಿಸೋ ಆಪರೇಷನ್ ಅಂದ್ರೆ ಸಾವು ಕಣಯ್ಯಾ!" ಅದೇ ಬೆಂಚಿನ ಇನ್ನೊಂದು ತುದಿಯಿಂದ ಇನ್ನೊಂದು ಮಾತು: "ದುಡ್ಡಿದ್ರೆ ಸಾಕು ಗುರು, ಒಂದೇ ದಿನದಲ್ಲಿ ಹೊಟ್ಟೆ ಮಾಯ!"

ಎರಡೂ ತಪ್ಪು! ಹೇಗೆ ಅಂತೀರಾ? ಮೊದಲು ಹೆಸರುಗಳ ಗೊಂದಲ ಬಿಡಿಸೋಣ.

ಕೊಬ್ಬು ಹೀರೋದು ಬೇರೆ, ತೂಕ ಇಳಿಸೋದು ಬೇರೆ

ಆ ಇಬ್ಬರು ನಟಿಯರು ಮಾಡಿಸಿಕೊಂಡದ್ದು ಕೊಬ್ಬು ತೆಗೆಸುವ ಚಿಕಿತ್ಸೆ. ಇದರಲ್ಲಿ ಹೆಚ್ಚು ಬಳಕೆಯ ವಿಧಾನ ಲೈಪೋಸಕ್ಷನ್. ಚರ್ಮದ ಕೆಳಗಿನ ಕೊಬ್ಬನ್ನು ಕೊಳವೆ ಹಾಕಿ ಹೀರಿ ತೆಗೆಯುವ ಕೆಲಸ. ಮೈಯ ಆಕಾರ ತಿದ್ದೋಕೆ ಹುಟ್ಟಿದ ವಿದ್ಯೆ ಅದು, ಬೊಜ್ಜು ರೋಗಕ್ಕೆ ಮದ್ದಲ್ಲ. ಒಂದೇ ಸಲಕ್ಕೆ 5 ಲೀಟರ್ ದಾಟಿ ತೆಗೆದರೆ ಅದನ್ನು ದೊಡ್ಡ ಪ್ರಮಾಣದ ಕೆಲಸ ಅಂತಲೇ ಲೆಕ್ಕ. ರಾತ್ರಿಯಿಡೀ ಆಸ್ಪತ್ರೆಯ ನಿಗಾ ಬೇಕು.

ಗಂಡಸರು ಇನ್ನೊಂದು ಮಾತು ಗಮನಿಸಿ. ನಮ್ಮ ಗುಡಾಣ ಹೊಟ್ಟೆಯ ಕೊಬ್ಬಿನಲ್ಲಿ ಸಾಕಷ್ಟು ಪಾಲು ಒಳಗೆ, ಕರುಳಿನ ಸುತ್ತ ಕೂತಿರುತ್ತದೆ. ಲೈಪೋಸಕ್ಷನ್ ಕೊಳವೆ ಅಲ್ಲಿಗೆ ಹೋಗುವುದೇ ಇಲ್ಲ. ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ತರುವ ಅಸಲಿ ಖಳನಾಯಕ ಆ ಒಳಗಿನ ಕೊಬ್ಬೇ!

ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ವೈದ್ಯರು ಇಟ್ಟ ಹೆಸರು ಬೇರಿಯಾಟ್ರಿಕ್ ಸರ್ಜರಿ. ಇಲ್ಲಿ ಕೊಬ್ಬನ್ನು ಯಾರೂ ಮುಟ್ಟುವುದಿಲ್ಲ. ಕೈ ಹಾಕುವುದು ಜಠರಕ್ಕೆ, ಕರುಳಿಗೆ. ಫುಟ್‌ಬಾಲ್ ದೊರೆ ಮರಡೋನಾ 2005ರಲ್ಲಿ ಕೊಲಂಬಿಯಾಕ್ಕೆ ಹೋಗಿ ಮಾಡಿಸಿಕೊಂಡದ್ದು ಇದನ್ನೇ. ನಿತಿನ್ ಗಡ್ಕರಿ 2011ರಲ್ಲಿ, ಅರುಣ್ ಜೇಟ್ಲಿ 2014ರಲ್ಲಿ ಮಾಡಿಸಿಕೊಂಡದ್ದೂ ಇದೇ ಜಾತಿಯದು.

ಈ ಜಾತಿಯಲ್ಲೂ ನಾಲ್ಕೈದು ಬಗೆ. ಒಬ್ಬೊಬ್ಬರನ್ನೇ ತೆರೆಯ ಮೇಲೆ ಕರೆಯೋಣ...

ಒಂದು: ಸ್ಲೀವ್

ಸ್ಲೀವ್ ಅಂದರೆ ಅಂಗಿಯ ತೋಳು. ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ಹೊರಗೆ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನಂಥ ಸಣ್ಣ ಕೊಳವೆ. ಹಸಿವು ಕೆರಳಿಸುವ ಗ್ರೆಲಿನ್ ಎಂಬ ರಸ ಹೆಚ್ಚಾಗಿ ಹುಟ್ಟುವುದು ಆ ಕತ್ತರಿಸಿದ ಭಾಗದಲ್ಲೇ. ಹಾಗಾಗಿ ಹೊಟ್ಟೆಯೂ ಚಿಕ್ಕದು, ಹಸಿವೂ ಕಡಿಮೆ.

ಇದರ ಕಥೆ ಸ್ವಾರಸ್ಯವಾಗಿದೆ. ಮೊದಲು ಇದಕ್ಕೆ ಸ್ವಂತ ಪಾತ್ರವೇ ಇರಲಿಲ್ಲ. ಅತಿ ದಢೂತಿ ರೋಗಿಗಳಿಗೆ ದೊಡ್ಡ ಆಪರೇಷನ್ ಒಂದೇ ಸಲ ಮಾಡಿದರೆ ಅಪಾಯ ಅಂತ, ಮೊದಲ ಕಂತಾಗಿ ಸ್ಲೀವ್ ಮಾಡುತ್ತಿದ್ದರು. ನೋಡಿದರೆ, ಮೊದಲ ಕಂತಿಗೇ ಎಷ್ಟೋ ಜನ ಸಾಕಷ್ಟು ಇಳಿದುಬಿಟ್ಟರು! ಪೋಷಕ ನಟ ಹೀರೋ ಆದ ಹಾಗೆ. ಇವತ್ತು ಜಗತ್ತಿನಲ್ಲೇ ಅತಿ ಹೆಚ್ಚು ನಡೆಯುವ ತೂಕದ ಆಪರೇಷನ್ ಇದು.

ಕೊರತೆ? ಕತ್ತರಿಸಿದ ಜಠರ ಮತ್ತೆ ಬರುವುದಿಲ್ಲ. ಎದೆಯುರಿ, ಹುಳಿತೇಗು ಇದ್ದವರಿಗೆ ಅದು ಜಾಸ್ತಿಯಾಗಬಹುದು, ಇಲ್ಲದವರಿಗೆ ಹೊಸದಾಗಿ ಅಂಟಿಕೊಳ್ಳಲೂಬಹುದು. ಹೊಲಿಗೆಯ ಉದ್ದಕ್ಕೂ ಎಲ್ಲಾದರೂ ಸೋರಿದರೆ ಅದು ತುರ್ತು ಪರಿಸ್ಥಿತಿ.

ಎರಡು: ಬೈಪಾಸ್

ಇವರು ಹಳೆಯ ಕಲಾವಿದರು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಡಾ. ಎಡ್ವರ್ಡ್ ಮೇಸನ್ 1966ರಲ್ಲಿ ದಾರಿ ತೋರಿಸಿದರು. ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಸುವ ಸಣ್ಣ ಚೀಲ ಮಾಡುತ್ತಾರೆ. ನಮ್ಮ ಬೈ-ಟು ಕಾಫಿಯ ಲೋಟಕ್ಕಿಂತ ಕಡಿಮೆ! ಆ ಚೀಲವನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ, ಆದರೆ ಊಟ ಆ ದಾರಿಯಲ್ಲಿ ಹೋಗುವುದಿಲ್ಲ. ಊರೊಳಗೆ ಬರದೆ ಬೈಪಾಸ್ ರಸ್ತೆಯಲ್ಲೇ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ.

ಎದೆಯುರಿ ಇದ್ದವರಿಗೆ ಇದು ಹೆಚ್ಚು ಒಗ್ಗುತ್ತದೆ. ಸಕ್ಕರೆ ಕಾಯಿಲೆಗೂ ಒಂದು ಕೈ ಮೇಲು. ಆದರೆ ಜಾಮೂನು, ಮೈಸೂರ್‌ಪಾಕು ಅಂತ ಕೈ ಹಾಕಿದಿರೋ, ಮೈ ಬೆವರಿ, ಎದೆ ಡವಡವ ಹೊಡೆದುಕೊಂಡು, ಕಕ್ಕಸಿಗೆ ಓಡುವ ಗತಿ ಬರಬಹುದು! ಬಿ-12, ಕಬ್ಬಿಣ, ಕ್ಯಾಲ್ಷಿಯಂ ಮಾತ್ರೆ ಬದುಕಿರೋವರೆಗೂ ಬೇಕು. ಜೋಡಿಸಿದ ಜಾಗದಲ್ಲಿ ಹುಣ್ಣಾಗಬಹುದು. ವರ್ಷಗಳ ನಂತರವೂ ಕರುಳು ಒಳಗೇ ಸಿಕ್ಕಿಕೊಳ್ಳುವ ಅಪಾಯವಿದೆ.

ಮೂರು: ಮಿನಿ ಬೈಪಾಸ್

ಅಮೆರಿಕದ ಡಾ. ರಾಬರ್ಟ್ ರಟ್ಲೆಜ್ 1997ರಲ್ಲಿ ಶುರು ಮಾಡಿದ್ದು. ಬೈಪಾಸಿನಲ್ಲಿ ಎರಡು ಜೋಡಣೆ, ಇಲ್ಲಿ ಒಂದೇ. ಕೆಲಸ ಬೇಗ ಮುಗಿಯುತ್ತದೆ. ನಮ್ಮ ದೇಶದಲ್ಲೂ ಇದಕ್ಕೆ ಒಳ್ಳೆಯ ಬೇಡಿಕೆ. ಆದರೆ ಪಿತ್ತರಸ ಮೇಲಕ್ಕೆ ನುಗ್ಗಬಹುದು. ಹೆಚ್ಚು ಕರುಳು ದಾಟಿಸಿದಷ್ಟೂ ಪೌಷ್ಟಿಕಾಂಶದ ಕೊರತೆಯೂ ಹೆಚ್ಚು. "ಮಿನಿ" ಅನ್ನೋ ಹೆಸರು ನೋಡಿ ಸಣ್ಣ ಆಪರೇಷನ್ ಅಂದುಕೊಂಡು ಮೋಸಹೋಗಬೇಡಿ.

ನಾಲ್ಕು: ಬ್ಯಾಂಡ್

ಜಠರದ ಮೇಲ್ಭಾಗಕ್ಕೆ ಸಿಲಿಕಾನ್ ಪಟ್ಟಿ ಕಟ್ಟುವುದು. ಬೇಕಾದಾಗ ಬಿಗಿ, ಬೇಡವಾದಾಗ ಸಡಿಲ. ಕತ್ತರಿ ಇಲ್ಲ, ಬೇಡ ಅಂದರೆ ತೆಗೆಯಬಹುದು. ಅಮೆರಿಕದಲ್ಲಿ 2001ರಲ್ಲಿ ಒಪ್ಪಿಗೆ ಸಿಕ್ಕಾಗ ಹೌಸ್‌ಫುಲ್! ಆಮೇಲೆ? ಪಟ್ಟಿ ಜಾರಿತು, ಕೆಲವರಿಗೆ ಜಠರವನ್ನೇ ಕೊರೆಯಿತು. ತೂಕವೂ ಅಷ್ಟಾಗಿ ಇಳಿಯಲಿಲ್ಲ. ಎಷ್ಟೋ ಜನ ಮತ್ತೆ ಆಪರೇಷನ್ ಮಾಡಿಸಿ ತೆಗೆಸಿದರು. ಈಗ ಇದನ್ನು ಕೇಳುವವರೇ ಅಪರೂಪ.

ಇವಲ್ಲದೆ ಡುವೋಡಿನಲ್ ಸ್ವಿಚ್ ಅನ್ನುವ ಭಾರಿ ಆಪರೇಷನ್ ಇದೆ. ತೂಕ ಇಳಿಸುವುದರಲ್ಲಿ ಎಲ್ಲಕ್ಕಿಂತ ಮುಂದು, ಪೌಷ್ಟಿಕಾಂಶ ಕಸಿಯುವುದರಲ್ಲೂ ಮುಂದು. ಬಾಯಿಯ ಮೂಲಕ ಜಠರಕ್ಕಿಳಿಸುವ ಬಲೂನೂ ಇದೆ. ಕತ್ತರಿ ಬೇಡ, ಆದರೆ ಕೆಲವೇ ತಿಂಗಳ ಅತಿಥಿ. ಬಲೂನು ಹೋದ ಮೇಲೆ ತೂಕ ವಾಪಸ್ ಬರುವವರೇ ಬಹಳ.

ಹಾಗಾದರೆ ಗೆದ್ದವರು ಯಾರು?

ಲೆಕ್ಕ ನೋಡೋಣ. ಫಿನ್‌ಲೆಂಡಿನಲ್ಲಿ 240 ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಸ್ಲೀವ್, ಇನ್ನೊಂದಕ್ಕೆ ಬೈಪಾಸ್ ಮಾಡಿದರು. ಐದು ವರ್ಷದ ಫಲಿತಾಂಶ 2018ರಲ್ಲಿ ಬಂತು. ಇರಬೇಕಾದ ತೂಕಕ್ಕಿಂತ ಮೇಲಿದ್ದ ಭಾಗದಲ್ಲಿ ಸ್ಲೀವ್‌ನವರು ಶೇ. 49, ಬೈಪಾಸಿನವರು ಶೇ. 57 ಕಳೆದುಕೊಂಡಿದ್ದರು. ನಮ್ಮ ಲೆಕ್ಕದಲ್ಲಿ ಹೇಳೋದಾದರೆ, 70 ಕಿಲೋ ಇರಬೇಕಾದವನು 130 ಇದ್ದರೆ ಸ್ಲೀವ್‌ನಿಂದ ಸುಮಾರು 29 ಕಿಲೋ, ಬೈಪಾಸಿನಿಂದ ಸುಮಾರು 34 ಕಿಲೋ. ಅಂತರ ಐದೇ ಕಿಲೋ! ಆದರೆ ಹತ್ತು ವರ್ಷದ ಹೊತ್ತಿಗೆ ಅನ್ನನಾಳದ ಉರಿಯೂತ ಕಂಡದ್ದು ಸ್ಲೀವ್‌ನವರಲ್ಲಿ ಶೇ. 31, ಬೈಪಾಸಿನವರಲ್ಲಿ ಶೇ. 7.

ಅಮೆರಿಕದಲ್ಲಿ 150 ಮಂದಿ ಸಕ್ಕರೆ ರೋಗಿಗಳ ಮೇಲೆ ನಡೆದ ಇನ್ನೊಂದು ಪರೀಕ್ಷೆಯ ಐದು ವರ್ಷದ ಲೆಕ್ಕ 2017ರಲ್ಲಿ ಬಂತು. ಬರೀ ಔಷಧಿಯಲ್ಲಿ ಹತೋಟಿಯ ಗುರಿ ಮುಟ್ಟಿದವರು ಶೇ. 5. ಸ್ಲೀವ್ ಜೊತೆ ಶೇ. 23, ಬೈಪಾಸ್ ಜೊತೆ ಶೇ. 29.

ಹಾಗಾಗಿ "ಯಾವುದು ಒಳ್ಳೇದು?" ಅನ್ನುವ ಪ್ರಶ್ನೆಯೇ ಅರ್ಧಂಬರ್ಧ. "ನನ್ನ ಮೈಗೆ ಯಾವುದು?" ಅಂತ ಕೇಳಬೇಕು. ಜೋರು ಎದೆಯುರಿ ಇದೆಯೇ? ಬೈಪಾಸ್ ಕಡೆ ತಕ್ಕಡಿ ವಾಲುತ್ತದೆ. ಹಳೆಯ ಸಕ್ಕರೆ ಕಾಯಿಲೆಯೇ? ಆಗಲೂ ಅದೇ. ಸಂಧಿವಾತಕ್ಕೆ ದಿನಾ ನೋವಿನ ಮಾತ್ರೆ ನುಂಗಲೇಬೇಕೇ? ಬೈಪಾಸಿನಲ್ಲಿ ಹುಣ್ಣಿನ ಭಯ, ಸ್ಲೀವ್ ವಾಸಿ. ಅತಿ ಭಾರಿ ಮೈ, ದೀರ್ಘ ಆಪರೇಷನ್ ತಾಳದ ಹೃದಯವೇ? ಮೊದಲು ಸ್ಲೀವ್, ಬೇಕಾದರೆ ಮುಂದೆ ಇನ್ನೊಂದು.

ಟಿಕೆಟ್ ಯಾರಿಗೆ ಸಿಗುತ್ತದೆ?

ನಿಮ್ಮ ತೂಕವನ್ನು ಮೀಟರಿನ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿ. ಅದೇ ಬಿಎಂಐ. ಐದೂವರೆ ಅಡಿಗೆ ಸ್ವಲ್ಪ ಹೆಚ್ಚು, ಅಂದರೆ 1.7 ಮೀಟರ್ ಎತ್ತರದವನು 85 ಕಿಲೋ ಇದ್ದರೆ 29.4, 115 ಕಿಲೋ ಇದ್ದರೆ 39.8. ಅಮೆರಿಕದಲ್ಲಿ 1991ರ ನಿಯಮ 40 ದಾಟಿದವರಿಗೆ, ಕಾಯಿಲೆ ಜೊತೆಗಿದ್ದರೆ 35 ದಾಟಿದವರಿಗೆ ಅಂತಿತ್ತು. 2022ರಲ್ಲಿ ಅಂತರರಾಷ್ಟ್ರೀಯ ತಜ್ಞರ ಸಂಘಗಳು ಗೆರೆಯನ್ನು 35ಕ್ಕೆ ಇಳಿಸಿದವು. ಏಷ್ಯಾದವರಿಗೆ ಕಡಿಮೆ ತೂಕದಲ್ಲೇ ಕಾಯಿಲೆ ಬರುವುದರಿಂದ 27.5ರಿಂದಲೇ ಯೋಚಿಸಬಹುದು ಎಂದವು. ಯೋಚಿಸಬಹುದು ಅಂದರೆ ಮಾಡಿಸಲೇಬೇಕು ಅಂತಲ್ಲ!

ವಿಮೆಯ ಗೆರೆ ಮಾತ್ರ ಬೇರೆ. 2019ರ ವಿಮಾ ಪ್ರಾಧಿಕಾರದ ನಿಯಮದಲ್ಲಿ ವಯಸ್ಸು 18 ಆಗಿರಬೇಕು. ಬಿಎಂಐ 40 ಇರಬೇಕು, ಇಲ್ಲವೇ 35ರ ಜೊತೆಗೆ ಹೃದಯದ ಕಾಯಿಲೆ, ಹತೋಟಿಗೆ ಬಾರದ ಸಕ್ಕರೆ, ನಿದ್ದೆಯಲ್ಲಿ ಉಸಿರುಗಟ್ಟುವ ತೀವ್ರ ತೊಂದರೆಯಂಥದ್ದು ಇರಬೇಕು. ಡಾಕ್ಟರ ಸಲಹೆಯೂ ಬೇಕು. ಸಾಲ ಮಾಡುವ ಮೊದಲು ಪಾಲಿಸಿಯ ಕಾಗದ ಓದಿ.

ಹೀರೋನ ಹಾಗೆ ಸಿಕ್ಸ್ ಪ್ಯಾಕ್ ಬೇಕು ಅಂತ ಹತ್ತು ಕಿಲೋ ಹೆಚ್ಚಿರುವ ಹುಡುಗ ಈ ಕ್ಯೂನಲ್ಲಿ ನಿಲ್ಲಬೇಕಾದ್ದೇ ಇಲ್ಲ. "ದಂಗಲ್" ಚಿತ್ರಕ್ಕಾಗಿ ಹೊಟ್ಟೆ ಬೆಳೆಸಿದ ಆಮಿರ್ ಖಾನ್ ಅದನ್ನು ಕರಗಿಸಿದ್ದು ಊಟದ ಹತೋಟಿ ಮತ್ತು ವ್ಯಾಯಾಮದಿಂದ.

ಇಂಟರ್ವಲ್ ನಂತರ...

ಆಪರೇಷನ್ ಮುಗಿದರೆ ಚಿತ್ರ ಮುಗಿಯಲಿಲ್ಲ. ಅರ್ಧ ಅಷ್ಟೇ! ಮೊದಲು ನೀರಾಹಾರ, ಆಮೇಲೆ ಮೆತ್ತಗಿನದು, ಆಮೇಲೆ ತುತ್ತು ತುತ್ತಾಗಿ ಜಗಿದು ಊಟ. ಒಂದು ಪ್ಲೇಟ್ ಬಿರಿಯಾನಿಯನ್ನು ಉಸಿರು ಬಿಡದೆ ಮುಗಿಸುವ ಶೌರ್ಯಕ್ಕೆ ವಿದಾಯ. ಬೇಳೆ, ಮೊಟ್ಟೆ, ಮೀನಿನಂಥ ಮಾಂಸಖಂಡ ಉಳಿಸುವ ಆಹಾರಕ್ಕೆ ಮೊದಲ ಸ್ಥಾನ. ವರ್ಷವರ್ಷವೂ ರಕ್ತಪರೀಕ್ಷೆ. ಬೇಗ ಇಳಿದವರಿಗೆ ಪಿತ್ತಕೋಶದಲ್ಲಿ ಕಲ್ಲಾಗಬಹುದು. ಚರ್ಮ ಜೋತುಬೀಳಬಹುದು.

ಇನ್ನು "ಪಾರ್ಟಿ" ಪ್ರಿಯರಿಗೆ ಒಂದು ಗುಟ್ಟು. ಬೈಪಾಸ್ ಆದ ಮೇಲೆ ಎರಡು ಪೆಗ್ಗಿಗೇ ತಲೆ ಗಿರ್ರೆನ್ನುತ್ತದೆ, ಕುಡಿತದ ಚಟ ಅಂಟುವ ಅಪಾಯವೂ ಹೆಚ್ಚು. ಸಿಗರೇಟು ಸೇದಿದರೆ ಜೋಡಣೆಯ ಜಾಗದಲ್ಲಿ ಹುಣ್ಣು. ತೂಕ ಮತ್ತೆ ಏರುವುದೂ ಉಂಟು. ಮರಡೋನಾ ಕೂಡ 2015ರಲ್ಲಿ ಎರಡನೇ ಸಲ ಆಪರೇಷನ್ ಮೇಜಿಗೆ ಹೋಗಬೇಕಾಯಿತು!

ಅಪಾಯ ಎಷ್ಟು? ಅಮೆರಿಕದ ಅನುಭವಸ್ಥ ಆಸ್ಪತ್ರೆಗಳಲ್ಲಿ 4,776 ಮಂದಿಯನ್ನು ಗಮನಿಸಿದ 2009ರ ವರದಿಯ ಪ್ರಕಾರ 30 ದಿನದೊಳಗೆ ತೀರಿಕೊಂಡವರು ಶೇ. 0.3. ಅಂದರೆ ಸಾವಿರಕ್ಕೆ ಮೂವರು. ಕಡಿಮೆಯೇ. ಆದರೆ ಆ ಮೂವರ ಮನೆಯವರಿಗೆ ಅದು ನೂರಕ್ಕೆ ನೂರು.

ಚುಚ್ಚುಮದ್ದಿನ ಹೊಸ ಎಂಟ್ರಿ

2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ನಮ್ಮ ದೇಶಕ್ಕೆ ಬಂದವು. ವಾರಕ್ಕೊಂದು ಚುಚ್ಚುಮದ್ದು, ಹಸಿವು ಕಡಿಮೆ, ತೂಕವೂ ಗಣನೀಯವಾಗಿ ಇಳಿಯುತ್ತದೆ. ನಿಲ್ಲಿಸಿದರೆ ಬಹುಪಾಲು ತೂಕ ವಾಪಸ್. ವಾಂತಿ, ವಾಕರಿಕೆ ಸಾಮಾನ್ಯ. ಗೆಳೆಯ ಕೊಟ್ಟ ಅಂತ ಚುಚ್ಚಿಕೊಳ್ಳುವ ವಸ್ತುವಲ್ಲ. ಆದರೆ ಕತ್ತರಿಗೆ ಮುಂಚೆ ಡಾಕ್ಟರ ಹತ್ತಿರ ಮಾತಾಡಲೇಬೇಕಾದ ದಾರಿ.

ಸಹಿ ಹಾಕುವ ಮುನ್ನ ಬಾಯಿಬಿಟ್ಟು ಕೇಳಿ: ಸರ್, ನೀವು ಈ ಆಪರೇಷನ್ ಎಷ್ಟು ಮಾಡಿದ್ದೀರಿ? ನನಗೆ ಇದೇ ಯಾಕೆ, ಇನ್ನೊಂದು ಯಾಕಲ್ಲ? ಅರವಳಿಕೆ ತಜ್ಞರು ಯಾರು? ಇಲ್ಲಿ ತುರ್ತು ನಿಗಾ ಘಟಕ ಇದೆಯೇ? ರಾತ್ರಿ ಎರಡು ಗಂಟೆಗೆ ತೊಂದರೆಯಾದರೆ ಫೋನ್ ಎತ್ತುವವರು ಯಾರು? ಒಳಗೆ ಎಂಡೋಸ್ಕೋಪಿ ಮಾಡಿ ನೋಡದೆಯೇ ತಾರೀಕು ಕೊಡುವವರನ್ನು, "ಇವತ್ತೇ ಸೇರಿದರೆ ರಿಯಾಯಿತಿ" ಅನ್ನುವವರನ್ನು ಕಂಡರೆ ಎದ್ದು ಬನ್ನಿ. ಮನೆಯವರಿಗೆ ಹೇಳದೆ ಮಾತ್ರ ಹೋಗಲೇಬೇಡಿ.

ಸಿನಿಮಾ ಚೆನ್ನಾಗಿಲ್ಲದಿದ್ದರೆ ಟಿಕೆಟ್ ದುಡ್ಡು ಹೋಯಿತು ಅಂತ ಬೈದುಕೊಂಡು ಹೊರಗೆ ಬರಬಹುದು. ಕತ್ತರಿಸಿದ ಜಠರಕ್ಕೆ ರೀಟೇಕ್ ಇಲ್ಲ ಮಿತ್ರರೇ!